ಕೆಂಪು ದಾರದ ಸಕ್ಕರೆ ಮೂಟೆ

ನಮ್ಮ ಓಣಿಯಲ್ಲಿ ಮದುವೆ ಎಂದರೆ ಮೈಕು. ಹಾಡಿಗಲ್ಲ, ಯಾರು ಏನು ತಂದರು ಎಂದು ಕೂಗುವುದಕ್ಕೆ. ಚಪ್ಪರದ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತ ಡುಲ್ಲಾ, ಇಂಥವರ ಮನೆಯಿಂದ ಅಕ್ಕಿ ಹತ್ತು ಕಿಲೋ, ಇಂಥವರ ಮನೆಯಿಂದ ಎಣ್ಣೆ ಒಂದು ಡಬ್ಬ ಎಂದು ಆಚೆ ಓಣಿಯವರಿಗೂ ಕೇಳುವಂತೆ ಸಾರುತ್ತಾನೆ. ಇದನ್ನು ಉಡುಗೊರೆ ಎಂದುಕೊಂಡರೆ ನೀವು ಹೊರಗಿನವರು. ನಾಳೆ ಕೊಟ್ಟವರ ಮನೆಯಲ್ಲಿ ಮದುವೆಯೋ ಸುನ್ನತಿಯೋ ಆದಾಗ ಅದೇ ಪದಾರ್ಥ, ಅದೇ ತೂಕ ವಾಪಸು ಹೋಗಬೇಕು. ನಡುವೆ ಬೆಲೆ ದುಪ್ಪಟ್ಟಾದರೆ ಅದು ನಿಮ್ಮ ಹಣೆಬರಹ.

ಏಳು ವರ್ಷದ ಹಿಂದೆ ನನ್ನನ್ನು ಈ ಮನೆ ತುಂಬಿಸಿಕೊಂಡ ದಿನ ಬು ಹಾಜಿ ರೋಫಿಯಾ ಐವತ್ತು ಕಿಲೋ ಸಕ್ಕರೆಯ ಮೂಟೆ ಕಳಿಸಿದ್ದರು. ಓಣಿಯ ಬಾಯಲ್ಲಿರುವ ದೊಡ್ಡ ಅಂಗಡಿ ಅವರದು. ಮೆಕ್ಕಾಕ್ಕೆ ಹೋಗಿಬಂದ ಮೇಲೆ ಯಾರೂ ಅವರನ್ನು ಬರಿ ಹೆಸರಿನಿಂದ ಕರೆಯುವುದಿಲ್ಲ, ಬು ಹಾಜಿ, ಅಂದರೆ ಹಾಜಿಯಮ್ಮ, ಎನ್ನುತ್ತಾರೆ. ಮೈಕಿನಲ್ಲಿ ಆ ಮೂಟೆಯ ಸುದ್ದಿ ಕೇಳಿ ನನ್ನ ಅತ್ತೆ ರುಕಾನಾ ಹಿಗ್ಗಿ ಹೀರೇಕಾಯಿಯಾದರು. ತಲೆತುಂಬ ಮಲ್ಲಿಗೆ ಹೊತ್ತು ಕೂತಿದ್ದ ನಾನೂ ಹಿಗ್ಗಿದೆ. ಎಂಥ ಪೆದ್ದಿ ನಾನು.

ಈಗ ಬು ಹಾಜಿಯ ಮಗಳ ಮದುವೆ ಬಂದಿತ್ತು.

ನನ್ನ ಗಂಡ ಜುಮಾದಿ ಸಕ್ಕರೆ ಕಾರ್ಖಾನೆಯಲ್ಲಿ ದುಡಿಯುತ್ತಾನೆ. ನಗಬೇಡಿ. ಕಬ್ಬು ಅರೆಯುವ ತಿಂಗಳುಗಳಲ್ಲಿ ಮಾತ್ರ ಅಲ್ಲಿ ಕೂಲಿ. ಉಳಿದ ದಿನ ಅವನು ಮೋಟರ್‌ಬೈಕಿನ ಹಿಂದೆ ಜನರನ್ನು ಕೂರಿಸಿಕೊಂಡು ಮಾರುಕಟ್ಟೆಗೂ ಸ್ಟೇಷನ್ನಿಗೂ ಬಿಟ್ಟು ಬರುತ್ತಾನೆ. ಬೈಕು ಕಂತಿನದು, ಎರಡು ಕಂತು ಆಗಲೇ ತಪ್ಪಿತ್ತು. ಮದುವೆಯ ಮಾರನೆಯ ದಿನ ಬರುತ್ತೇನೆ, ಮೂರನೆಯದೂ ತಪ್ಪಿದರೆ ಬೈಕನ್ನೇ ಎತ್ತಿಕೊಂಡು ಹೋಗುತ್ತೇನೆ ಎಂದು ವಸೂಲಿಯವನು ನಮ್ಮ ಹೊಸ್ತಿಲ ಮೇಲೆ ನಿಂತು ಹೇಳಿಹೋಗಿದ್ದ. ಬೈಕು ಹೋದರೆ ನಮ್ಮ ಮನೆಯ ಒಲೆಯೂ ಹೋದಂತೆ.

ಆ ಬಾಕಿಗೆಂದು ಬಿಸ್ಕತ್ತಿನ ತಗಡು ಡಬ್ಬದಲ್ಲಿ ನಾನು ದುಡ್ಡು ಕೂಡಿಸಿಟ್ಟಿದ್ದೆ. ಹೇಗೆ ಕೂಡಿತು ಎಂದು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಅಕ್ಕಿ ಏರಿತು, ಗ್ಯಾಸು ಏರಿತು, ಮೆಣಸಿನಕಾಯಿಯಂತೂ ಕೋಳಿಮಾಂಸದ ಜೊತೆ ಪಂದ್ಯ ಕಟ್ಟಿತು. ಅಂಗಳದ ಕುಂಡಗಳಲ್ಲಿ ನಾಲ್ಕು ಮೆಣಸಿನ ಗಿಡ ಹಾಕಿ ಮಕ್ಕಳಂತೆ ಕಾದೆ. ಜುಮಾದಿ ಲವಂಗದ ಸಿಗರೇಟು ಬಿಟ್ಟು ಹೊಗೆಸೊಪ್ಪು ಸುತ್ತಿಕೊಳ್ಳುವುದನ್ನು ಕಲಿತ. ಸೋಯಾ ಕಾಳು ಹುದುಗಿಸಿ ಅಚ್ಚು ಹಾಕಿದ ಟೆಂಪೆಯನ್ನು ನಾನು ಎಷ್ಟು ತೆಳ್ಳಗೆ ಕೊಯ್ಯುತ್ತಿದ್ದೆನೆಂದರೆ, ಒಂದು ದಿನ ಅವನು ಒಂದು ತುಂಡನ್ನು ದೀಪಕ್ಕೆ ಹಿಡಿದು, ಇದರಾಚೆ ನಿನ್ನ ಮುಖ ಕಾಣುತ್ತಿದೆ ಎಂದ. ಚೆನ್ನಾಗಿ ನೋಡಿಕೊಳ್ಳಿ, ಈ ಮನೆ ಯಾರಿಂದ ನಡೆಯುತ್ತಿದೆ ಎಂದು ಗೊತ್ತಾಗಲಿ ಎಂದೆ. ಅತ್ತೆಯ ಎಲೆ ಅಡಿಕೆಯ ಖರ್ಚಿಗೆ ಮಾತ್ರ ನಾನು ಕೈ ಹಾಕಿರಲಿಲ್ಲ. ಅಷ್ಟು ಧೈರ್ಯ ನನಗಿಲ್ಲ.

ಡಬ್ಬದಲ್ಲಿದ್ದದ್ದು ಬೈಕಿನ ಬಾಕಿಗೆ ಸರಿಹೋಗುತ್ತಿತ್ತು. ಅಥವಾ ಒಂದು ಮೂಟೆ ಸಕ್ಕರೆಗೆ. ಎರಡಕ್ಕೂ ಅಲ್ಲ.

ಅತ್ತೆಗೆ ಇದರಲ್ಲಿ ಯೋಚಿಸುವಂಥದ್ದು ಏನೂ ಕಾಣಲಿಲ್ಲ. ಗಂಡ ಸತ್ತ ಮೇಲೆ ಬಾಳೆಲೆ ಮಾರಿ ಮಗನನ್ನು ಸಾಕಿದ ಹೆಂಗಸು ಅವರು. ಹೊಲವಿಲ್ಲ, ಒಡವೆಯಿಲ್ಲ. ಯಾರ ಮದುವೆಯಲ್ಲೂ ತನ್ನ ಹೆಸರು ಕೀಳಾಗಿ ಕೂಗಿಸಿಕೊಂಡವಳಲ್ಲ ಎನ್ನುವುದೊಂದೇ ಅವರ ಆಸ್ತಿ. ಬೈಕು ಹೋದರೆ ಮಗ ನಡೆದು ದುಡಿಯಲಿ ಎಂದರು. ನಡೆದುಕೊಂಡು ಜನರನ್ನು ಹೆಗಲ ಮೇಲೆ ಹೊರಬೇಕಾ ಎಂದು ಕೇಳಿದೆ. ಜುಮಾದಿ ತಾಯಿಯ ಮುಖವನ್ನೂ ನೋಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ತಟ್ಟೆಯಲ್ಲಿ ಉಳಿದಿದ್ದ ನಾಲ್ಕು ಅಗುಳನ್ನು ಒಂದೊಂದಾಗಿ ತಿಂದ.

"ಬರಿಗೈಲಿ ಹೋಗಿ ನಿಂತ್ಕೊಂಡ್ರೆ ಈ ಓಣೀಲಿ ನಾನು ಯಾವ ಮುಖ ಇಟ್ಕೊಂಡು ಓಡಾಡ್ಲಿ, ವಿಜಿ?" ಎಂದರು ಅತ್ತೆ. ನನಗೆ ಪಾಪ ಎನಿಸಿತು, ಸಿಟ್ಟೂ ಬಂತು. ಕೊನೆಗೆ ಬೆಲೆಯನ್ನಾದರೂ ಕೇಳಿ ಬರುತ್ತೇನೆ ಎಂದು ಅಂಗಡಿಗೆ ಹೋದೆ.

ಬು ಹಾಜಿ ಒಳ್ಳೆಯ ಮಾತಿನಿಂದಲೇ ಬರಮಾಡಿಕೊಂಡು, ಹಿಂದಿನ ಕೋಣೆಯಲ್ಲಿದ್ದ ಒಂದು ಮೂಟೆಯನ್ನು ತೋರಿಸಿದರು. ನೋಡಿದೆ, ನಿಂತ ಕಡೆಯೇ ನಿಂತುಬಿಟ್ಟೆ. ಮೂಟೆಯ ಒಂದು ಮೂಲೆಯಲ್ಲಿ ಗೇಣುದ್ದ ಕೆಂಪು ದಾರದ ಹೊಲಿಗೆಯಿತ್ತು. ಅಡ್ಡಡ್ಡ ಹಾಕಿ ಕೊನೆಯಲ್ಲಿ ಮೂರು ಗಂಟು. ನಾನು ಮನೆ ತುಂಬಿದ ರಾತ್ರಿ ಇಲಿ ಕಚ್ಚಿ ತೂತು ಮಾಡಿದ್ದ ಮೂಲೆ ಅದು. ಅತ್ತೆ ಚಪ್ಪರದ ಬಟ್ಟೆಯ ಅಂಚಿನಿಂದ ದಾರ ಎಳೆದು ಹೊಲಿದಿದ್ದರು. ತೂತಿನ ಅಂಚು ಕೂಡಿಸಿ ಹಿಡಿದಿದ್ದವಳು ಹೊಸ ಸೊಸೆ, ನಾನೇ. ಚಪ್ಪರದ ಬಾಡಿಗೆ ಕೊಡಬೇಕಿತ್ತು, ಐವತ್ತು ಕಿಲೋ ಸಕ್ಕರೆ ತಿನ್ನಲು ನಾವೇನು ಇರುವೆಗಳೇ? ಮಾರನೆಯ ದಿನವೇ ಅದನ್ನು ಇದೇ ಅಂಗಡಿಗೆ ಕಡಿಮೆ ಬೆಲೆಗೆ ಮಾರಿದ್ದೆವು.

ಈ ಮೂಟೆ ಎಲ್ಲಿಂದ ಬಂತು ಎಂದು ಕೇಳಿದೆ. ಬು ಹಾಜಿ ಏನನ್ನೂ ಮುಚ್ಚಿಡಲಿಲ್ಲ. ಹೋದ ತಿಂಗಳು ದರ್ಜಿಯ ಮನೆಯ ಸುನ್ನತಿಗೆ ಹೋಗಿ ಬಂತು, ಅದಕ್ಕೆ ಮೊದಲು ಮೀನಿನವರ ಮದುವೆಗೆ, ಅದಕ್ಕೂ ಮೊದಲು ಎಲ್ಲೆಲ್ಲೋ. ಎಲ್ಲರೂ ಸಂಭ್ರಮ ಮುಗಿದ ಮೇಲೆ ತಂದು ಮಾರುತ್ತಾರೆ, ಬೇಡ ಎನ್ನಲು ತನಗಾಗುತ್ತದೆಯೇ ಎಂದು ನಕ್ಕರು.

"ನೀನು ಹೊತ್ಕೊಂಡು ಹೋಗೋದೂ ಬೇಡ ಕಣೆ. ದುಡ್ಡು ಕೊಟ್ಬಿಡು ಸಾಕು. ಮದುವೆ ದಿನ ನಾನೇ ಚಪ್ಪರಕ್ಕೆ ತರಿಸಿ ನಿಮ್ಮತ್ತೆ ಹೆಸರು ಕೂಗಿಸ್ತೀನಿ."

ಅವರು ಯಾರಿಂದಲೂ ಕದ್ದಿರಲಿಲ್ಲ, ಯಾರಿಗೂ ಸುಳ್ಳು ಹೇಳಿರಲಿಲ್ಲ. ಅದೇ ನನ್ನ ಹೊಟ್ಟೆಗೆ ಹೆಚ್ಚು ಬೆಂಕಿ ಹಾಕಿತು. ನಮ್ಮ ಓಣಿಯ ಹೆಂಗಸರೆಲ್ಲ ಟೆಂಪೆಯನ್ನು ಕಾಗದದಂತೆ ಕೊಯ್ದು ಉಳಿಸಿದ್ದು ಈ ಮೂಟೆಯ ತಿರುಗಾಟಕ್ಕೆ ಸುರಿದುಹೋಗಿತ್ತು. ಅಂಗಡಿಗೆ ಬರುವಾಗ ಕಡಿಮೆ ಬೆಲೆ, ಅಲ್ಲಿಂದ ಹೋಗುವಾಗ ಪೂರ್ತಿ ಬೆಲೆ. ಬೇಡ ಬು, ಈ ಮೂಟೆ ನನಗೆ ಬೇಡ ಎಂದು ಹೇಳಿ ಬಂದೆ.

ಮನೆಯಲ್ಲಿ ಹೇಳಿದರೆ ಅತ್ತೆ ನಂಬಲಿಲ್ಲ. ಕೆಂಪು ದಾರ ಏನು ನನ್ನೊಬ್ಬಳ ಹತ್ತಿರ ಇದೆಯಾ, ಕೊಡಲಿಕ್ಕೆ ಮನಸ್ಸಿಲ್ಲದವಳಿಗೆ ನೂರು ನೆಪ ಎಂದು ಎಲೆಗೆ ಸುಣ್ಣ ಬಳಿಯುತ್ತ ಮುಖ ತಿರುಗಿಸಿದರು.

ಮರುದಿನ ಬೆಳಿಗ್ಗೆ ತರಕಾರಿ ಗಾಡಿಯ ಸುತ್ತ ಹೆಂಗಸರು ಸೇರಿದಾಗ ನಾನು ಎಲ್ಲರಿಗೂ ಹೇಳಿದೆ. ಅಬ್ಬಾ, ಏನು ರೋಷ ಅವರದು. ಹೌದು ಹೌದು, ಇನ್ನು ಮೇಲೆ ಯಾರೂ ಮೂಟೆ ಒಯ್ಯುವುದು ಬೇಡ, ಕೈಲಾದಷ್ಟು ಅಕ್ಕಿ ಒಯ್ಯೋಣ ಎಂದು ಬಸಳೆಯ ಕಟ್ಟು ಹಿಡಿದು ಆಣೆ ಇಡುವುದೊಂದು ಬಾಕಿ. ಎಲ್ಲರಿಗಿಂತ ಜೋರಾಗಿ ಕೂಗಿದವಳು ಎದುರುಮನೆಯ ಸರ್ಮಿನಾ. ಅವಳ ಮಗನ ಸುನ್ನತಿಗೂ ಬು ಹಾಜಿ ಒಂದು ಮೂಟೆ ಕೊಟ್ಟಿದ್ದರು. ಅದೇ ಸಂಜೆ ಅವಳು ತಲೆಗೆ ಸೆರಗು ಎಳೆದುಕೊಂಡು ಅಂಗಡಿಗೆ ಹೋಗಿ ಸಾಲಕ್ಕೆ ಮೂಟೆ ಗೊತ್ತು ಮಾಡಿ ಬಂದಳೆಂದು ಜುಮಾದಿ ಹೇಳಿದ. ಉಳಿದವರೂ ಒಬ್ಬೊಬ್ಬರಾಗಿ ಹೋದರು. ನನಗೆ ನಗು ಬಂತೋ ಅಳು ಬಂತೋ ನೆನಪಿಲ್ಲ. ಹಾಳಾಗಿ ಹೋಗಲಿ, ನಾನೊಬ್ಬಳೇ ಸಾಕು ಎಂದುಕೊಂಡೆ.

ಮದುವೆಯ ದಿನ ನನ್ನ ಒಳ್ಳೆಯ ಬಟ್ಟೆ ಉಟ್ಟುಕೊಂಡೆ. ಬೋಗುಣಿಯಲ್ಲಿ ಮೂರು ಕಿಲೋ ಅಕ್ಕಿ ಹಾಕಿ ಮೇಲೆ ಎರಡು ತೆಂಗಿನಕಾಯಿ ಇಟ್ಟೆ. ಬೋಗುಣಿಗೆ ಬಟ್ಟೆ ಮುಚ್ಚಿ ಗಂಟು ಕಟ್ಟುವುದು ನಮ್ಮಲ್ಲಿ ಪದ್ಧತಿ, ದಾರಿಯಲ್ಲಿ ಯಾರ ಕಣ್ಣಿಗೂ ಬೀಳಬಾರದು. ನಾನು ಮುಚ್ಚಲಿಲ್ಲ. ತೆರೆದ ಬೋಗುಣಿಯನ್ನು ಸೊಂಟಕ್ಕೆ ಒತ್ತಿಕೊಂಡು ಓಣಿಯ ನಡುವೆ ನಡೆದೆ. ಅತ್ತೆ ನನ್ನ ಜೊತೆ ಬರುವುದಿಲ್ಲ ಎಂದವರು, ಇಪ್ಪತ್ತು ಹೆಜ್ಜೆ ಹಿಂದೆ ತಲೆ ತಗ್ಗಿಸಿ ಬರುತ್ತಿದ್ದರು.

ಚಪ್ಪರದ ಬಾಗಿಲಲ್ಲಿ ಆಗತಾನೇ ಕೈಗಾಡಿಯಲ್ಲಿ ಸರ್ಮಿನಾಳ ಮೂಟೆ ಬಂದಿಳಿದಿತ್ತು, ಮೂಲೆಯಲ್ಲಿ ಅದೇ ಕೆಂಪು ಹೊಲಿಗೆ. ಡುಲ್ಲಾ ಗಂಟಲು ಸರಿಮಾಡಿಕೊಂಡು ಐವತ್ತು ಕಿಲೋ ಎಂದು ಕೂಗಿದ. ಸರ್ಮಿನಾ ನನ್ನನ್ನು ನೋಡಿ ಬೇರೆಲ್ಲೋ ನೋಡಿದಳು. ನಾನು ಬೋಗುಣಿಯನ್ನು ಮೇಜಿನ ಮೇಲೆ ಇಟ್ಟೆ. ಡುಲ್ಲಾ ಅದನ್ನೂ ನೋಡಿದ, ನನ್ನನ್ನೂ ನೋಡಿದ, ಮೈಕನ್ನು ಅಂಗೈಯಿಂದ ಮುಚ್ಚಿ, ಸುಮ್ಮನೆ ಒಳಗೆ ಹೋಗು, ಕೂಗುವುದಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ ಎಂದು ಪಿಸುಗುಟ್ಟಿದ. ಪಾಪ, ಒಳ್ಳೆಯವನು.

"ಕೂಗಣ್ಣ," ಎಂದೆ. "ಮೂರು ಕಿಲೋ ಅಕ್ಕಿ, ಎರಡು ಕಾಯಿ. ಹೆಸರು ಸರಿಯಾಗಿ ಹೇಳು. ವಿಜಿಯಾತಿ, ಜುಮಾದಿ ಹೆಂಡ್ತಿ."

ಅವನು ಕೂಗಿದ. ಮೈಕು ಮೂರು ಕಿಲೋವನ್ನೂ ಐವತ್ತು ಕಿಲೋದಷ್ಟೇ ಜೋರಾಗಿ ಹೇಳಿತು. ಚಪ್ಪರದೊಳಗೆ ಚಮಚಗಳ ಸದ್ದು ನಿಂತಿತು. ಬು ಹಾಜಿ ರೇಷ್ಮೆಯ ಸೆರಗು ಸರಿಪಡಿಸಿಕೊಳ್ಳುತ್ತ ಹೊರಗೆ ಬಂದರು. ಮುಖದಲ್ಲಿ ನಗು ಇನ್ನೂ ಇತ್ತು.

"ನಮ್ಮ ಮೂಟೆ ಎಲ್ಲಮ್ಮ?"

"ಇಲ್ಲೇ ಇದೆಯಲ್ಲ, ಬು," ಎಂದು ಸರ್ಮಿನಾಳ ಮೂಟೆಯ ಕಡೆ ಕೈ ತೋರಿಸಿದೆ. "ನಾನು ಮನೆ ತುಂಬಿದ ಮಾರನೇ ದಿನದಿಂದ ನಿಮ್ಮ ಹತ್ರಾನೇ ಇದೆ."

ಹಿಂದಿನಿಂದ ಅತ್ತೆ ಬಂದರು. ನನ್ನನ್ನು ಬೈದು ಎಳೆದುಕೊಂಡು ಹೋಗುತ್ತಾರೆ ಎಂದುಕೊಂಡೆ, ಅವರು ನನ್ನ ಕಡೆ ನೋಡಲೇ ಇಲ್ಲ. ನೆಟ್ಟಗೆ ಮೂಟೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಕಣ್ಣು ಮಬ್ಬಾದವರು ಮಾಡುವಂತೆ ಕೆಂಪು ಹೊಲಿಗೆಯ ಮೇಲೆ ಬೆರಳು ಆಡಿಸಿದರು. ಕೊನೆಯ ಮೂರು ಗಂಟುಗಳ ಹತ್ತಿರ ಬೆರಳು ನಿಂತಿತು. ಆಮೇಲೆ ಸೊಂಟದ ಚೀಲದಿಂದ ಅಡಕತ್ತರಿ ತೆಗೆದರು.

ಬು ಹಾಜಿಗೆ ಆಗ ಅರ್ಥವಾಯಿತು. ಬೇಡ ರುಕಾನಾ, ಒಮ್ಮೆ ಬಾಯಿ ಬಿಚ್ಚಿದರೆ ಅದನ್ನು ಮತ್ತೆ ಮೂಟೆಯ ಲೆಕ್ಕಕ್ಕೆ ಯಾರೂ ತೆಗೆದುಕೊಳ್ಳುವುದಿಲ್ಲ ಎಂದು ಎರಡು ಹೆಜ್ಜೆ ಮುಂದೆ ಬಂದರು. ಅತ್ತೆ ಆಗಲೇ ಮೊದಲ ಗಂಟನ್ನು ಕತ್ತರಿಸಿದ್ದರು.

"ನನ್ನ ಹೊಲಿಗೆ ಇದು. ಹಾಕ್ದೋಳು ನಾನು, ಬಿಚ್ಚೋಳೂ ನಾನೇ," ಎಂದರು. ಗಟ್ಟಿಯಾಗೇನೂ ಹೇಳಲಿಲ್ಲ, ಆದರೆ ಡುಲ್ಲಾ ಮೈಕು ಆರಿಸಿರಲಿಲ್ಲ. "ಏಳು ವರ್ಷದಿಂದ ಮೆರವಣಿಗೆ ಹೋಗ್ತಿದೆ. ಯಾರೊಬ್ಬರ ಚಹಾಕ್ಕೂ ಬಿದ್ದಿಲ್ಲ. ಇವತ್ತು ಬೀಳ್ಲಿ."

ಮೂಲೆ ಬಿಚ್ಚಿಕೊಂಡಿತು. ಸಕ್ಕರೆ ಸುರಿಯಲಿಲ್ಲ. ಅಷ್ಟು ಕಾಲ ತೇವ ಹೀರಿ ಕಲ್ಲಾಗಿತ್ತು. ಅತ್ತೆ ಅಡಕತ್ತರಿಯ ಹಿಡಿಯಿಂದ ಕುಟ್ಟಿ ಒಂದು ಹೆಂಟೆ ಮುರಿದರು, ಹಳದಿ ತಿರುಗಿದ್ದ ಮುಷ್ಟಿಗಾತ್ರದ ಹೆಂಟೆ. ಅದನ್ನು ಯಾರಿಗೆ ಕೊಡಬೇಕೆಂದು ಸುತ್ತ ನೋಡಿದರು. ಆಗ ಸರ್ಮಿನಾ, ಆ ಮೂಟೆಗೆ ಇನ್ನೂ ಒಂದು ಕಾಸು ಕೊಟ್ಟಿರದ ಸರ್ಮಿನಾ, ಅಡುಗೆಯವರ ಹತ್ತಿರದಿಂದ ಚಹಾದ ದೊಡ್ಡ ಕೆಟಲನ್ನೇ ಎತ್ತಿಕೊಂಡು ಬಂದು ಮುಚ್ಚಳ ತೆರೆದು ಹಿಡಿದಳು. ಸಾಲ ಹೇಗಿದ್ದರೂ ನನ್ನ ತಲೆಗೇ, ಕುಡಿದಾದರೂ ಸಾಯೋಣ ಎಂದಳು. ಯಾರೋ ನಕ್ಕರು, ಆಮೇಲೆ ಬಹಳ ಜನ ನಕ್ಕರು.

ಮಗಳ ಮದುವೆಯಲ್ಲಿ, ಅತಿಥಿಗಳು ಲೋಟ ಚಾಚಿ ನಿಂತಿರುವಾಗ, ಸಕ್ಕರೆ ಹಾಕಬೇಡಿ ಎಂದು ಯಾವ ತಾಯಿ ಹೇಳುತ್ತಾಳೆ? ಬು ಹಾಜಿ ಒಳಗೆ ಹೋದರು. ನಾನು ಅವರನ್ನು ದ್ವೇಷಿಸುವುದಿಲ್ಲ, ಆದರೆ ಆ ಬೆನ್ನನ್ನು ನೋಡಿ ನನಗೆ ತುಂಬ ಸಂತೋಷವಾಯಿತು.

ಬೋಗುಣಿಯನ್ನು ಖಾಲಿ ಕಳಿಸುವಂತಿಲ್ಲ, ಅದೂ ನಮ್ಮ ಪದ್ಧತಿ. ಉಳಿದವರಿಗೆ ಅನ್ನ, ಮಾಂಸ ಹಾಕಿ ಕೊಟ್ಟರು, ನಮ್ಮದನ್ನು ಮರೆತರು. ಅತ್ತೆಯೇ ಅದರಲ್ಲಿ ಸಕ್ಕರೆಯ ಹೆಂಟೆಗಳನ್ನು ತುಂಬಿಕೊಂಡು ಮನೆಗೆ ತಂದರು, ಬಟ್ಟೆ ಮುಚ್ಚದೆ.

ಮಾರನೆಯ ದಿನ ವಸೂಲಿಯವನು ಬಂದ. ಬೈಕು ಎತ್ತಿಕೊಂಡು ಹೋಗಲು ಜೊತೆಗೊಬ್ಬನನ್ನೂ ಕರೆತಂದಿದ್ದ. ನಾನು ಬಿಸ್ಕತ್ತಿನ ಡಬ್ಬವನ್ನು ಅವರ ಮುಂದೆ ಬಗ್ಗಿಸಿದೆ, ಅವರು ಎಣಿಸಿ ರಸೀದಿ ಕೊಟ್ಟರು. ಹೊರಡುವಾಗ ಅತ್ತೆ ಇಬ್ಬರನ್ನೂ ತಡೆದು ಜಗಲಿಯಲ್ಲಿ ಕೂರಿಸಿ ಚಹಾ ತಂದುಕೊಟ್ಟರು. ಒಬ್ಬ ಒಂದು ಗುಟುಕು ಕುಡಿದು, ಸಕ್ಕರೆ ಬಹಳ ಹೆಚ್ಚಾಯಿತಜ್ಜಿ ಎಂದ.

"ಕುಡೀರಪ್ಪ," ಎಂದರು ಅತ್ತೆ. "ನಮ್ಮನೇಲಿ ಸಕ್ಕರೆಗೇನೂ ಬರ ಇಲ್ಲ."