ಬೇಲಿಯೀಚೆಗೆ ಬಂದ ಉಸುಕು

“ಕಳ್ಳ ಮುಂಡೆ, ನನ್ನ ಫರಸಿ ಬುಡದಾಗಿನ ಉಸುಕು ಕದ್ದು ಮಗಳಿಗೆ ಅರಮನಿ ಕಟ್ಟಿಸೀಯೇನ?”

ರುದ್ರವ್ವ ಮಗಳ ಒಂದು ಜಡೆ ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದ್ದಳು. ತಂತಿ ಬೇಲಿಯಾಚೆ ಶಾಮಲಾಬಾಯಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಬೇಲಿಯೀಚೆ, ರುದ್ರವ್ವನ ಸಂಸಾರವಿದ್ದ ತಗಡಿನ ಶೆಡ್ಡಿನ ಬಾಗಿಲಲ್ಲಿ, ಮಗಳು ಶೈಲಾ ಕಟ್ಟಿದ ಉಸುಕಿನ ಅರಮನೆ ಬಿಸ್ಕೀಟು ಕಾಗದದ ಬಾವುಟ ಹಾರಿಸುತ್ತ ತಾನೇ ಸಾಕ್ಷಿ ಎಂಬಂತೆ ನಿಂತಿತ್ತು.

ಆಗಿದ್ದು ಇಷ್ಟೇ. ಮರಾಠಿ ಸೀಮೆಯ ಖರಾಡಿಯಲ್ಲಿ, ಬಾಯಿಯವರ ಬಂಗಲೆಯ ಹಿತ್ತಲಲ್ಲಿ, ಬೇಲಿಗುಂಟ ಶಹಾಬಾದಿ ಕಲ್ಲಿನ ಫರಸಿ ಹಾಸಿದವರು ರುದ್ರವ್ವ ಮತ್ತು ಅವಳ ಗಂಡ ಈರಣ್ಣ. ಬಾಯಿಯವರ ಯಜಮಾನರಾದ ಪ್ರಲ್ಹಾದರಾಯರು ಬೆಳಿಗ್ಗೆ ಅಲ್ಲಿ ಕುರ್ಚಿ ಹಾಕಿ ಕುಳಿತರೆ, ಬೇಲಿ ಬದಿಯ ಕಲ್ಲು ಎದ್ದು ನಮಸ್ಕಾರ ಹೇಳಿತು. ಕಪ್ಪಿನ ಚಹಾ ಪೈಜಾಮಕ್ಕೆ ಹೋಯಿತು. ಕಿತ್ತು ಹಾಸಿದ ಮೇಲೂ ಕಲ್ಲು ಮತ್ತೆ ಮತ್ತೆ ಅದೇ ಆಟ ಹೂಡಿತ್ತು. ಇನ್ನೊಮ್ಮೆ ಅಳ್ಳಾಡಿದರೆ ಶೆಡ್ಡು ಖಾಲಿ ಮಾಡಬೇಕೆಂದು ಬಾಯಿ ಹೇಳಿಬಿಟ್ಟರು. ಶೆಡ್ಡಿದ್ದ ಜಾಗವೂ ಅವರದೇ. ಶೈಲಾಳ ಶಾಲೆ ಅದೇ ಗಲ್ಲಿಯಲ್ಲಿತ್ತು.

ಶಾಮಲಾಬಾಯಿ ಕೆಟ್ಟವರೆಂದು ಯಾರೂ ಅನ್ನುವಂತಿರಲಿಲ್ಲ. ಇವರ ಊರು ಇಂಡಿ ಕಡೆ ಎಂದು ತಿಳಿದ ದಿನ, ನಮ್ಮ ಕನ್ನಡ ಕೇಳಿ ಭಾಳ ದಿನ ಆಗಿತ್ತು ಎಂದು ಕಣ್ಣು ತುಂಬಿಕೊಂಡಿದ್ದರು. ಊಟದ ಹೊತ್ತಿಗೆ ಶೇಂಗಾ ಚಟ್ನಿಯನ್ನೂ ಕೊಡುತ್ತಿದ್ದರು. ಕೈ ಮಾತ್ರ ಎಲ್ಲಿಗೂ ತಾಗದಂತೆ ಮೇಲೆಯೇ ಇರುತ್ತಿತ್ತು. ಚಟ್ನಿ ಅಲ್ಲಿಂದ ರೊಟ್ಟಿಗೆ ಬೀಳುತ್ತಿತ್ತು.

ಅರ್ಧ ತಲೆ ಬಾಚಿದ ಮಗಳನ್ನು ಕರೆದುಕೊಂಡೇ ರುದ್ರವ್ವ ಬೇಲಿ ದಾಟಿದಳು. ಶಾಲೆ ಅಂದು ತಪ್ಪಿತು. ಈರಣ್ಣ ಹಾರೆ ಹಾಕಿ ಕಲ್ಲೆಬ್ಬಿಸಿದರೆ ಬುಡವೆಲ್ಲ ಟೊಳ್ಳು.

“ಈ ಹಾಟ್ಯಾನ ಕಲ್ಲು ನಮ್ಮ ಅನ್ನಕ್ಕ ಕಲ್ಲು ಹಾಕಾಕ ನಿಂತದ,” ಎಂದು ಗೊಣಗಿ, ಹೊಸ ಉಸುಕು ತುಂಬಿ ಬಡಿದು ಕೂರಿಸಿದ.

ಮಧ್ಯಾಹ್ನ ಮೂವರೂ ಬೇವಿನ ನೆರಳಿದ್ದ ಆ ಬೇಲಿಬದಿಯ ಕಲ್ಲಿನ ಮೇಲೆಯೇ ಕುಳಿತು ಬುತ್ತಿ ಬಿಚ್ಚಿದರು. ದಿನವೂ ಶಾಲೆಯ ಬಿಡುವಿಗೆ ಶೈಲಾ ಬಂದೊಡನೆ ಅಲ್ಲೇ ಕೂರುತ್ತಿದ್ದರು. ದಿನವೂ ಅವರು ಎದ್ದೊಡನೆ ಬಾಯಿ ಪೈಪು ಹಿಡಿದು ಬರುತ್ತಿದ್ದರು. ಉಳಿದ ಫರಸಿಯ ತಂಟೆಗೆ ಹೋಗದೆ ಇಷ್ಟು ಜಾಗಕ್ಕೆ ಮಾತ್ರ ಕಾಲುವೆ ಹರಿದಷ್ಟು ನೀರು. ಕಲ್ಲಸಂದಿಗೆ ಇಳಿದ ನೀರು ಉಸುಕನ್ನು ಹೊತ್ತುಕೊಂಡು ಬೇಲಿ ಕೆಳಗೆ ನುಸುಳಿ ಶೆಡ್ಡಿನ ಬಾಗಿಲಿಗೆ ಬರುತ್ತಿತ್ತು. ಅರಮನೆಗೆ ಗೋಪುರ ಏರುತ್ತಿದ್ದುದು ಹಾಗೆ.

“ಯವ್ವಾ, ಬಾಯಾರು ಯಾಕ…” ಎಂದು ಶೈಲಾ ಶುರುಮಾಡಿದಾಗಲೆಲ್ಲ ರುದ್ರವ್ವ ಅವಳ ಬಾಯಿಗೆ ರೊಟ್ಟಿಯ ತುತ್ತು ತುರುಕುತ್ತಿದ್ದಳು. ಆ ಮಾತು ಹೊರಬಿದ್ದರೆ ಶೆಡ್ಡೂ ಇಲ್ಲ, ಶಾಲೆಯೂ ಇಲ್ಲ. ಹೀಗಾಗಿ ಮಗಳು ನಾಲ್ಕು ತುತ್ತು ಹೆಚ್ಚೇ ಉಂಡು ದುಂಡಗಾಗಿದ್ದಳು.

ಊಟ ಮುಗಿಯಿತು. ರಾಯರು ಕುರ್ಚಿ ತಂದು ಅದೇ ಕಲ್ಲಿನ ಮೇಲೆ ಕುಳಿತು, ಹಿಂದೆ ಮುಂದೆ ತೂಗಿ ನೋಡಿದರು. ಕಲ್ಲು ಮಿಸುಕಲಿಲ್ಲ. ಬಾಯಿಯವರ ಮುಖವೂ ಅರಳಿತು. ಆದರೂ ಪೈಪು ಎತ್ತಿಕೊಂಡರು. ನೀರು ರಾಯರ ಕುರ್ಚಿಯನ್ನು ಪ್ರದಕ್ಷಿಣೆ ಹಾಕಿ ಬೇಲಿಯತ್ತ ಹೊರಟಿತು, ಉಸುಕನ್ನು ಕರೆದುಕೊಂಡು. ಸ್ವಲ್ಪ ಹೊತ್ತಿಗೆ ಕುರ್ಚಿಯ ಒಂದು ಕಾಲು ಮೆಲ್ಲಗೆ ಕುಸಿಯಿತು. ರಾಯರು ಬೇಲಿಯ ಕಂಬ ಹಿಡಿದುಕೊಂಡರು.

“ನೋಡ್ರಿ, ಮತ್ತ ಅಳ್ಳಾಡ್ತು. ಇವತ್ತ ಗಂಟು ಕಟ್ರಿ,” ಎಂದರು ಬಾಯಿ.

ಶೈಲಾ ಬಾಯಿ ತೆರೆದಳು. ಈರಣ್ಣ ಹೆಂಡತಿಯ ಕಡೆ ನೋಡಿದ. ರುದ್ರವ್ವನ ಕೈ ರೂಢಿಯಂತೆ ಬುತ್ತಿಗೆ ಹೋಗಿ ಉಳಿದಿದ್ದ ಕೊನೆಯ ತುಂಡನ್ನು ಎತ್ತಿತು. ಅರೆಗಳಿಗೆ ಹಿಡಿದುಕೊಂಡಿದ್ದಳು. ಆಮೇಲೆ ಅದನ್ನು ತನ್ನ ಬಾಯಿಗೇ ಹಾಕಿಕೊಂಡು, ನಿಧಾನವಾಗಿ ಅಗಿಯುತ್ತ, ಮಗಳ ಬಿಚ್ಚಿದ ಕೂದಲನ್ನು ಕಿವಿಯ ಹಿಂದೆ ಸರಿಸಿದಳು.

“ಬಾಯಾರ,” ಎಂದಳು ಶೈಲಾ, “ನಾವು ಕುಂತೆದ್ದ ಜಾಗಾ ಮಾತ್ರ ಯಾಕ ತೊಳೀತೀರಿ?”