ಮೀನಿಲ್ಲದ ಊಟ

ತೊಳೆದು ಹೋಳು ಮಾಡಿಟ್ಟಿದ್ದ ಅಂಜಲ್ ಮೀನನ್ನು ರಶೀದಾ ಮತ್ತೆ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಫ್ರೀಜರಿಗೆ ಹಾಕಿದಳು.

"ಎಂತ ಮಾಡ್ತಾ ಇದ್ದಿ?" ಹಂಝ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದ.

"ಸೂತಕದವನಿಗೆ ನಾನು ಮೀನು ಬಡಿಸುದಿಲ್ಲ. ಬೊಜ್ಜದ ಕ್ರಿಯೆ ಮುಗಿಯುವವರೆಗೆ ಅವರ ಮನೆಯೊಳಗೆ ಮೀನು ಬರುದಿಲ್ಲ ಅಂತ ನಿಮಗೂ ಗೊತ್ತುಂಟು."

"ಕೂಸಪ್ಪನಿಗೆ ಇನ್ನೂ ವಿಷಯವೇ ಗೊತ್ತಿಲ್ಲವಲ್ಲ."

"ನಮಗೆ ಗೊತ್ತುಂಟಲ್ಲ," ಎಂದವಳು ಬೇಳೆ ತೊಳೆಯತೊಡಗಿದಳು.

ಊರಲ್ಲಿ, ಹೆಜಮಾಡಿಯಲ್ಲಿ, ಹಂಝನ ಮನೆಗೂ ಕೂಸಪ್ಪನ ಮನೆಗೂ ನಡುವೆ ಇದ್ದದ್ದು ಒಂದು ದಾಸವಾಳದ ಬೇಲಿ ಮಾತ್ರ. ಆಚೆ ಮನೆಯಲ್ಲಿ ಸಾವಾದರೆ ಈಚೆ ಮನೆಯ ಮೀನು ಹುರಿಯುವ ವಾಸನೆ ಅತ್ತ ಹೋಗದ ಹಾಗೆ ಅವನ ಉಮ್ಮ ಹಿಂಬದಿಯ ಬಾಗಿಲು ಮುಚ್ಚುತ್ತಿದ್ದಳು. ಅಂಥ ಮನೆಯವನು ಬೆಳಿಗ್ಗೆ ಎದ್ದು ನೆಟ್ಟಗೆ ಸೌದಿಯ ಈ ಯಾನ್ಬುವಿನ ಮೀನು ಮಾರ್ಕೆಟ್ಟಿಗೆ ಹೋಗಿ, ಚೌಕಾಸಿ ಮಾಡಿ ಅಂಜಲ್ ತಂದಿದ್ದ. ಕೂಸಪ್ಪ ಬರುತ್ತಾನೆ ಎಂದರೆ ಮೀನು ಬರಬೇಕು, ಅಷ್ಟೇ ಅವನ ತಲೆಗೆ ಹೋದದ್ದು.

ಸುದ್ದಿ ಬಂದದ್ದು ಮಂಗಳವಾರ. ಕೂಸಪ್ಪನ ಭಾವ, ಹೆಂಡತಿ ವಸಂತಿಯ ಅಣ್ಣ ಉಗ್ಗಪ್ಪ, ಊರಿನಿಂದ ಫೋನು ಮಾಡಿ ಮೊದಲು ಸುಮ್ಮನೆ ಅತ್ತ. ಆಮೇಲೆ ಹೇಳಿದ. ತುಷಾರನ ಬೈಕಿಗೆ ಹೆದ್ದಾರಿಯಲ್ಲಿ ಲಾರಿ ಹೊಡೆದಿತ್ತು. ಕೂಸಪ್ಪನಿಗೆ ಇದ್ದವನು ಅವನೊಬ್ಬನೇ ಮಗ. ಅಪ್ಪ ಕೆಂಪು ಸಮುದ್ರದ ನಡುವೆ ಎಲ್ಲೋ ಇದ್ದ. ಅವನ ಫೋನು ಉಪ್ಪುನೀರು ಕುಡಿದು ಕೆಟ್ಟುಹೋಗಿತ್ತು. ಹೆಣ ಇಟ್ಟುಕೊಂಡು ಕಾಯುವ ಸ್ಥಿತಿ ಇರಲಿಲ್ಲವಂತೆ, ಅಂದೇ ಸುಟ್ಟಿದ್ದರು. "ಶುಕ್ರವಾರ ಯಾನ್ಬುವಿಗೆ ಬರ್ತೇನೆ ಅಂತ ಸುಯೇಜಿನಿಂದ ಯಾರದೋ ಫೋನಿನಲ್ಲಿ ಹೇಳಿದ್ದ. ನೀನೇ ಎದುರು ಕೂರಿಸಿ ಹೇಳು ಹಂಝ. ನಮ್ಮಿಂದ ಆಗುದಿಲ್ಲ," ಎಂದು ಉಗ್ಗಪ್ಪ ಬೇಡಿಕೊಂಡಿದ್ದ.

ತನ್ನಿಂದಾದರೂ ಹೇಗೆ ಆಗುತ್ತದೆ ಎಂದು ಯಾರೂ ಕೇಳಿರಲಿಲ್ಲ.

ಜುಮಾ ನಮಾಝ್ ಮುಗಿಸಿ ಹಂಝ ಬಂದರಿಗೆ ಹೋದಾಗ ಕೂಸಪ್ಪ ಗೇಟಿನ ಹೊರಗೇ ನಿಂತಿದ್ದ. ಬಿಸಿಲಿಗೆ ಸುಟ್ಟು ಕರಕಲಾಗಿದ್ದರೂ ಬಾಯ್ತುಂಬ ನಗು. ಅಪ್ಪಿಕೊಂಡು ಬೆನ್ನಿಗೆ ಎರಡು ಗುದ್ದಿದ. ಜಿದ್ದಾದ ದೊಡ್ಡ ಕುಳವೊಬ್ಬನ ಹಾಯಿದೋಣಿಯಲ್ಲಿ ಅವನಿಗೆ ಕೆಲಸ. ಬೇಸಿಗೆ ಬಂತೆಂದರೆ ಆ ದೋಣಿ ಮೆಡಿಟರೇನಿಯನ್ನಿಗೆ ಹೋಗುತ್ತಿತ್ತು, ಸೆಕೆ ಇಳಿದ ಮೇಲೆ ಮರಳುತ್ತಿತ್ತು. ಸಂಜೆಗೆ ಮತ್ತೆ ಹೊರಡಬೇಕು ಎಂದ. ದಾರಿಯುದ್ದಕ್ಕೂ ಹೇಳಿಬಿಡಬೇಕೆಂದು ಹಂಝ ಗಂಟಲು ಸರಿಮಾಡಿಕೊಂಡದ್ದೇ ಬಂತು. ಕೂಸಪ್ಪನ ಬಾಯಿ ನಿಂತರೆ ತಾನೇ?

"ಗ್ರೀಸಿಗೆ ಹೋಗು, ಇಟಲಿಗೆ ಹೋಗು, ಲಂಗರು ಹಾಕಿದಲ್ಲೆಲ್ಲ ನಮ್ಮ ಮುದೀರ್ ಧಣಿಗೆ ಫ್ರೆಂಡ್ಸ್ ಮಾರಾಯ. ದಡದಲ್ಲಿ ಮೇಜು ಹಾಕಿ ಕೂತರೆ ಏಳುದೇ ಇಲ್ಲ. ನಾವು ಬೋಟಿನಲ್ಲಿ ಕೂತು ಅವರ ನಗೆ ಕೇಳುದು. ನಾನು ನನ್ನ ಜೊತೆ ಕೆಲಸದ ಫಿಲಿಪಿನೋನಿಗೆ ಹೇಳಿದೆ, ಯಾನ್ಬು ಬರ್ಲಿ, ಅಲ್ಲಿ ದಡದಲ್ಲಿ ನನಗೂ ಒಬ್ಬ ಇದ್ದಾನೆ ಅಂತ!"

ಹಂಝ ಸ್ಟಿಯರಿಂಗನ್ನು ಗಟ್ಟಿಯಾಗಿ ಹಿಡಿದ. ಇಷ್ಟು ಖುಷಿಯಾಗಿರುವವನನ್ನು ಎಲ್ಲಿ ನಿಲ್ಲಿಸಿ ಹೊಡೆಯುವುದು?

ರಶೀದಾ ಕುಚ್ಚಲಕ್ಕಿ ಅನ್ನ, ತೊವ್ವೆ, ಬೆಂಡೆಕಾಯಿ ಪಲ್ಯ ಬಡಿಸಿ ತಲೆಯೆತ್ತದೆ ಒಳಗೆ ಹೋದಳು. ಕೂಸಪ್ಪ ಅನ್ನಕ್ಕೆ ತೊವ್ವೆ ಕಲಸಿ, ಬೆರಳು ತಟ್ಟೆಯಲ್ಲೇ ಇಟ್ಟು ಅಡುಗೆಮನೆಯ ಕಡೆ ನೋಡಿದ.

"ರಶೀದಾ, ಮೀನನ್ನು ಎಲ್ಲಿ ಅಡಗಿಸಿಟ್ಟಿದ್ದಿ? ಅಲ್ಲಿ ಬರೀ ಎಣ್ಣೆ, ನಿಂಬೆ ಹಿಂಡಿದ ಮೀನು ತಿಂದು ನನ್ನ ನಾಲಗೆ ಸತ್ತುಹೋಗಿದೆ."

ಒಳಗೆ ರಶೀದಾ ನಲ್ಲಿಯನ್ನು ಜೋರಾಗಿ ಬಿಟ್ಟಳು.

"ಇವತ್ತು ಮಾರ್ಕೆಟ್ಟಿನಲ್ಲಿ ಮೀನು ಇರ್ಲಿಲ್ಲ," ಎಂದ ಹಂಝ.

"ಎಂತ ಹೇಳುದು ನೀನು? ನಾನೀಗ ಬಂದರಿನಲ್ಲಿ ನೋಡಿಕೊಂಡೇ ಬಂದೆ. ಬುಟ್ಟಿ ಬುಟ್ಟಿ..." ಎಂದು ನಗುತ್ತಿದ್ದವನು ಮಾತು ನಿಲ್ಲಿಸಿದ. ತಟ್ಟೆ ನೋಡಿದ. ತೊವ್ವೆ ನೋಡಿದ. ಹಂಝನ ಮುಖ ನೋಡಿದ. ಕಡಲ ಬದಿಯಲ್ಲಿ ಹುಟ್ಟಿದವನಿಗೆ, ಮೀನಿಲ್ಲದ ತಟ್ಟೆಯನ್ನು ಬೇಲಿಯಾಚೆಯ ಮನೆಯವರೇ ಎದುರಿಗಿಟ್ಟರೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಅಮ್ಮನಾ?" ಎಂದ.

ಹಂಝ ತಲೆ ತಗ್ಗಿಸಿದ. ಹೌದೆನ್ನಲು ತಗ್ಗಿಸಿದ್ದಲ್ಲ, ಆ ಕಣ್ಣನ್ನು ನೋಡಲಾರದೆ ತಗ್ಗಿಸಿದ್ದು.

"ಯಾವಾಗ?"

"ಮಂಗಳವಾರ."

ಅದಂತೂ ಸುಳ್ಳಾಗಿರಲಿಲ್ಲ. ಬಾಗಿಲಿಗೆ ಬಂದು ನಿಂತಿದ್ದ ರಶೀದಾ ಸೆರಗನ್ನು ಬಾಯಿಗೆ ಒತ್ತಿ ಗಂಡನನ್ನೇ ದುರುಗುಟ್ಟಿ ನೋಡಿದಳು. ಹೇಳಿ, ಈಗಲೇ ಹೇಳಿ ಎನ್ನುತ್ತಿತ್ತು ಆ ನೋಟ. ಹಂಝ ನೀರಿನ ಲೋಟವನ್ನು ಕೂಸಪ್ಪನ ಕಡೆ ಸರಿಸಿದ.

ಕೂಸಪ್ಪ ಎಡಗೈಯಿಂದ ಕಣ್ಣೊರೆಸಿಕೊಂಡ. "ಸುಯೇಜಿನಿಂದ ಮಾತಾಡಿದಾಗಲೇ ವಸಂತಿ ಹೇಳಿದ್ದಳು, ಅತ್ತೆ ಗಂಜಿಯೂ ಮುಟ್ಟುದಿಲ್ಲ, ಮಂಚ ಬಿಟ್ಟು ಏಳುದಿಲ್ಲ ಅಂತ. ಇರ್ಲಿ. ವಯಸ್ಸಾಗಿತ್ತು. ಒದ್ದಾಡದೆ ಹೋದರಲ್ಲ." ಕಲಸಿದ ಅನ್ನವನ್ನು ಬದಿಗೆ ಸರಿಸಿ, "ನಾನಿಲ್ಲದಿದ್ದರೂ ತುಷಾರ್ ಇದ್ದನಲ್ಲ," ಎಂದ. "ಮೊಮ್ಮಗ ಕೊಳ್ಳಿ ಇಟ್ಟರೆ ಅಮ್ಮನಿಗೆ ಮತ್ತೆಂತ ಬೇಕು? ಸಣ್ಣವ, ಹೆದರಿದನೋ ಏನೋ."

"ಕೂಸಪ್ಪಾ..." ಎಂದ ಹಂಝ.

"ನಿನ್ನ ಫೋನು ಕೊಡು ಇಲ್ಲಿ. ಒಮ್ಮೆ ಮಗನ ಸ್ವರ ಕೇಳ್ತೇನೆ."

"ಈಗ ಬೇಡ. ನಾನು ಹೇಳ್ತೇನೆ, ಸ್ವಲ್ಪ ತಡಿ..."

"ಎಂತ ತಡಿಯುದು? ಅಜ್ಜಿಯನ್ನು ಸುಟ್ಟು ಬಂದು ಕೂತಿದ್ದಾನೆ ಹುಡುಗ. ಅಪ್ಪ ಒಂದು ಮಾತೂ ಆಡದೆ ಬೋಟು ಹತ್ತುದಾ?" ಕೂಸಪ್ಪ ಮೇಜಿನ ಮೇಲಿದ್ದ ಫೋನನ್ನು ಎಡಗೈಯಲ್ಲಿ ಎಳೆದುಕೊಂಡ. ಬಾಯಿಪಾಠವಾಗಿದ್ದದ್ದು ಮನೆಯಲ್ಲಿ ಅಮ್ಮನ ಮಂಚದ ಪಕ್ಕದ ಹಳೇ ಫೋನಿನ ನಂಬರು. ಒಂದೊಂದೇ ಅಂಕಿ ಒತ್ತಿ, ಸ್ಪೀಕರ್ ಹಾಕಿ ತಟ್ಟೆಯ ಪಕ್ಕದಲ್ಲಿಟ್ಟ. ಹಂಝ ಕೈ ಚಾಚಿದ. ಆ ಕೈ ಅರ್ಧಕ್ಕೇ ನಿಂತಿತು. ಹೇಡಿ ಎಂದು ತನ್ನನ್ನು ತಾನೇ ಬೈದುಕೊಂಡ.

ಆಚೆ ಬಹಳ ಹೊತ್ತು ರಿಂಗಾಯಿತು. ಯಾರೋ ಎತ್ತಿದರು. ಕೆಮ್ಮು ಕೇಳಿಸಿತು.

"ಯಾರು?"

ಮುದುಕಿಯ ಸ್ವರ. ಕೂಸಪ್ಪನ ಬೆನ್ನು ನೆಟ್ಟಗಾಯಿತು.

"ಅಮ್ಮಾ?"

"ಕೂಸನಾ?"

ಅವನು ನಕ್ಕುಬಿಟ್ಟ. ಕಣ್ಣಲ್ಲಿ ನೀರಿದ್ದಂತೆಯೇ ನಕ್ಕ. "ಅಮ್ಮ ಇದ್ದಾರೆ ಮಾರಾಯ!" ಎಂದು ಹಂಝನ ಕಡೆ ತಿರುಗಿದ. "ಎಂತ ಹೆದರಿಸಿಬಿಟ್ಟೆ ನೀನು..."

ಹಂಝ ನಗಲಿಲ್ಲ. ರಶೀದಾ ಬಾಗಿಲ ಬಳಿಯೇ ಕುಸಿದು ಕೂತಳು. ಕೂಸಪ್ಪ ಅವಳನ್ನು ನೋಡಿದ, ಮತ್ತೆ ತಟ್ಟೆಯನ್ನು ನೋಡಿದ. ಫೋನಿನ ಮೇಲೆ ಬಾಗಿ ಏನೋ ಕೇಳಲು ಬಾಯಿ ತೆರೆದ. ವಸಂತಿಯ ಹೆಸರು ಹೇಳುವುದೋ, ಇನ್ನೊಂದು ಹೆಸರು ಹೇಳುವುದೋ ತಿಳಿಯದೆ ತುಟಿ ಹಾಗೆಯೇ ನಿಂತಿತು.

"ಕೂಸಾ," ಎಂದಳು ತಾಯಿ ಆಚೆಯಿಂದ. ಸ್ವರ ನಡುಗುತ್ತಿತ್ತು. "ಊಟ ಆಯ್ತಾ ಮಗಾ?"