ಎದುರು ನೀರಿನ ಹೊತ್ತು

ಡಾಕ್ಟರು ಉಚ್ಚೆಂಗೆಮ್ಮನ ಬಲಗೈಯನ್ನು ಮಡಚಿ, ಬಿಡಿಸಿ, ಮೊಣಕೈಯ ಹೊರಮೂಳೆಯನ್ನು ಹೆಬ್ಬೆರಳಿನಿಂದ ಒತ್ತಿದಾಗ ಅವಳು ಕೂಗಲಿಲ್ಲ. ಕಣ್ಣು ಮಾತ್ರ ಮುಚ್ಚಿಕೊಂಡಳು. ಅವರಿಗೆ ಅಷ್ಟೇ ಸಾಕಾಯಿತು. ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರು. ಅವಳು ಬಾಯಿ ತೆರೆಯುವ ಮೊದಲೇ, ಪಕ್ಕದಲ್ಲಿ ನಿಂತಿದ್ದ ಗಂಡ ಸೂರಪ್ಪ ಹೇಳಿದ: "ಮೀನು ಹಿಡೀತೀವ್ರಿ, ಹರಿಹರದ ಹೊಳ್ಯಾಗ. ಬಲೆ ನಂದು, ಹುಟ್ಟು ಇವಳದು."

"ಹುಟ್ಟು ಹಾಕೋದು ಬಿಡಬೇಕಮ್ಮ. ಇಲ್ಲಾಂದ್ರೆ ನಾಳೆ ಈ ಕೈಲಿ ತಂಬಿಗೆ ಎತ್ತೋಕೂ ಆಗಲ್ಲ."

ಪಿ.ಜೆ. ಬಡಾವಣೆಯ ಆ ದವಾಖಾನೆಯ ಮೆಟ್ಟಿಲಿಳಿದು ಇಬ್ಬರೂ ಎದುರಿನ ಹೋಟೆಲಿನ ಮುಂದೆ ನಿಂತರು. ಸೂರಪ್ಪ ಚಹಾ ತರಿಸಿ ಕುಡಿದ. ಲೋಟ ಇಟ್ಟಮೇಲೆ, "ದೋಣಿಗೆ ಮೋಟರು ಹಾಕ್ಸಿಬಿಡೋಣ. ಬ್ಯಾಟರೀದು. ಡೀಸೆಲಿಂದು ಬ್ಯಾಡ, ಸದ್ದಿಗೆ ಮೀನು ನಿಲ್ಲಲ್ಲ," ಅಂದ.

ಮೂವತ್ತೊಂದು ವರ್ಷದ ಕೆಲಸ ಒಂದು ಲೋಟ ಚಹಾದಲ್ಲಿ ಮುಗಿಯುವುದಾದರೆ ಮುಗಿಯಲಿ ಅನ್ನಿಸಿತು ಉಚ್ಚೆಂಗೆಮ್ಮನಿಗೆ. ಖುಷಿಯೇನೂ ಆಗಲಿಲ್ಲ. ಎಲ್ಲಿಯಾದರೂ ಸ್ವಲ್ಪ ಹೊತ್ತು ಕೂರಬೇಕು ಅನ್ನಿಸಿತು.

ಅವರ ಮಂದಿಯಲ್ಲಿ ಮೊದಲಿಂದಲೂ ಹಾಗೆಯೇ. ಗಂಡಸು ಬಲೆ ಮುಟ್ಟುತ್ತಾನೆ, ಹೆಂಗಸು ಹುಟ್ಟು ಹಿಡಿಯುತ್ತಾಳೆ. ಸಂಜೆ ಹೊಳೆಯ ಕೆಳಗಿನ ತಿರುವಿನಲ್ಲಿ ಬಲೆ ಬಿಟ್ಟು ಬರುವುದು, ಬೆಳಗ್ಗೆ ಹೋಗಿ ಎತ್ತುವುದು. ಹೋಗುವಾಗ ನೀರೇ ಒಯ್ಯುತ್ತದೆ. ಸೇತುವೆ ಕೆಳಗಿನ ದಡಕ್ಕೆ ಬರುವಾಗ ಎದುರು ನೀರು. ಆಗ ಸೂರಪ್ಪ ದೋಣಿಯ ಮುಂತುದಿಯಲ್ಲಿ ಅವಳಿಗೆ ಬೆನ್ನು ಹಾಕಿ ಕೂತು, ಬಲೆಯ ಕಣ್ಣುಗಳಿಂದ ಮೀನು ಬಿಡಿಸುತ್ತಾನೆ, ಕಸಕಡ್ಡಿ ತೆಗೆಯುತ್ತಾನೆ, ಹರಿದಲ್ಲಿ ಗಂಟು ಹಾಕುತ್ತಾನೆ. ಅವಳು ಹಿಂದೆ ಕೂತು ಹುಟ್ಟು ಹಾಕುತ್ತಾಳೆ. ಇಬ್ಬರಿಗೂ ಮಾತಿಲ್ಲ. ಅವನ ಬೆನ್ನಿನ ಮೇಲೆ ಅಂಗಿ ಯಾವ ವರ್ಷ ಎಲ್ಲಿ ಸವೆಯಿತು ಎಂಬುದು ಅವನಿಗಿಂತ ಅವಳಿಗೆ ಚೆನ್ನಾಗಿ ಗೊತ್ತು.

ಹೋಟೆಲಿನಿಂದ ನೇರ ಸೈಫುಲ್ಲಾನ ಅಂಗಡಿಗೆ ಹೋದರು. ಅವನದು ಬ್ಯಾಟರಿ ಆಟೋಗಳಿಗೆ ಬ್ಯಾಟರಿ ಹಾಕಿಕೊಡುವ ಅಂಗಡಿ. ದೋಣಿಗೆ ಹಾಕುವ ಮೋಟರುಗಳನ್ನೂ ತರಿಸಿಟ್ಟಿದ್ದ. ಗೋಡೆಗೆ ಒರಗಿಸಿದ್ದ ಒಂದನ್ನು ತೋರಿಸಿದ. ಉದ್ದನೆಯ ಕೋಲು, ತುದಿಯಲ್ಲಿ ಫ್ಯಾನಿನಂಥ ಎಲೆಗಳು, ಮೇಲೆ ಹಿಡಿಕೆ. ಸೂರಪ್ಪ ಒಂದೇ ಕೈಯಲ್ಲಿ ಎತ್ತಿ ನೋಡಿದ.

"ಐವತ್ತೈದು ಪೌಂಡು ಅಂತ ಬರ್ದಾರೆ. ಅಷ್ಟು ತೂಕ ಎಲ್ಲೈತೆ ಇದು? ಮೋಸ ಐತಲ್ಲ ಸಾಬ್ರೆ."

"ತೂಕ ಅಲ್ಲಣ್ಣ ಅದು. ನೀರಾಗೆ ದೋಣೀನ ತಳ್ಳೋ ತಾಕತ್ತು."

"ಹಂಗನ್ರಿ." ಸೂರಪ್ಪ ಹೆಂಡತಿಯ ಕಡೆ ಗದ್ದ ಎತ್ತಿ ತೋರಿಸಿದ. "ಹಂಗಾದ್ರೆ ನಮ್ಮ ಹಳೇ ಮೋಟರು ಎಷ್ಟು ಪೌಂಡಿಂದು, ನೋಡಿ ಹೇಳ್ರಿ."

ಸೈಫುಲ್ಲಾ ನಕ್ಕ. ಉಚ್ಚೆಂಗೆಮ್ಮ ಟಯರಿನ ಮೇಲೆ ಹಲಗೆಯಿಟ್ಟು ಮಾಡಿದ್ದ ಆಸನದಲ್ಲಿ ಕೂತಿದ್ದಳು. "ಹಳೇ ಮೋಟರಿಗೆ ದಿನಾ ಮುದ್ದೆ ಹಾಕಿದ್ರೆ ಓಡ್ತಿತ್ರಿ. ಇದಕ್ಕೇನು ಹಾಕ್ತಾರೋ ಕೇಳ್ರಿ," ಅಂದಳು.

"ಅದನ್ನೇ ಹೇಳ್ತೀನಿ ಅಕ್ಕಾ. ಮೋಟರು ದೊಡ್ಡ ವಿಷಯ ಅಲ್ಲ, ನಿಮ್ಮ ದೋಣಿಗೆ ಇದು ಸಾಕು. ಬ್ಯಾಟರಿ ಆರಿಸೋದ್ರಾಗೆ ಐತೆ ಎಲ್ಲಾ." ಸೈಫುಲ್ಲಾ ಸೂರಪ್ಪನ ಕಡೆ ತಿರುಗಿದ. "ಎದುರು ನೀರಿಗೆ ಬರಾಕೆ ಎಷ್ಟೊತ್ತು ಹಿಡೀತೈತಣ್ಣ?"

"ಅರ್ಧ ತಾಸು," ಅಂದ ಸೂರಪ್ಪ. ಒಂದು ಚೂರೂ ತಡೆಯಲಿಲ್ಲ.

ಸೈಫುಲ್ಲಾ ಒಂದು ಬ್ಯಾಟರಿಯ ಮೇಲೆ ಕೈಯಿಟ್ಟ. ಆ್ಯಸಿಡ್ಡಿನದು, ಮಧ್ಯಮ ಗಾತ್ರದ್ದು. ಇಂಥದ್ದನ್ನು ಅರ್ಧಕ್ಕಿಂತ ಕೆಳಗೆ ಖಾಲಿ ಮಾಡಬಾರದು, ಮಾಡಿದರೆ ಬೇಗ ಸಾಯುತ್ತದೆ. ಅರ್ಧ ತಾಸಿಗಾದರೆ ಇದೊಂದು ಆರಾಮಾಗಿ ಸಾಕು, ಎಂದ. ಸೂರಪ್ಪ ಆಗಲೇ ಜೇಬಿಗೆ ಕೈ ಹಾಕಿದ್ದ.

ಉಚ್ಚೆಂಗೆಮ್ಮ ನೆಲ ನೋಡುತ್ತ ಕೂತಳು. ಸುಮ್ಮನಿದ್ದರೂ ಆಗುತ್ತಿತ್ತು, ಸುಮ್ಮನಿರುವುದು ಅವಳಿಗೆ ಕಷ್ಟದ ಕೆಲಸವಲ್ಲ. ಆದರೆ ಈ ಬ್ಯಾಟರಿ ನಡುಹೊಳೆಯಲ್ಲಿ ನಿಂತರೆ ಏನಾಗುತ್ತದೆ ಎಂಬುದು ಅವಳಿಗೆ ಕಂಡೇಬಿಟ್ಟಿತು. ಸೂರಪ್ಪ ಬ್ಯಾಟರಿಯನ್ನು ಬೈಯುತ್ತಾನೆ, ಸೈಫುಲ್ಲಾನನ್ನು ಬೈಯುತ್ತಾನೆ. ಆಮೇಲೆ ಅವಳು ಹುಟ್ಟು ಎತ್ತಿಕೊಳ್ಳುತ್ತಾಳೆ. ಅವತ್ತಿನಿಂದ ದೋಣಿಯ ಭಾರದ ಜೊತೆಗೆ ಬ್ಯಾಟರಿಯ ಭಾರವನ್ನೂ ಇದೇ ಕೈಯಲ್ಲಿ ಎಳೆಯಬೇಕು.

"ಒಂದೂವರೆ ತಾಸು," ಅಂದಳು.

ಇಬ್ಬರೂ ತಿರುಗಿದರು.

"ಏನು ಒಂದೂವರೆ?" ಸೂರಪ್ಪ ಕೇಳಿದ.

"ತಿರುವಿನಿಂದ ಸೇತುವೆ ಕೆಳಗೆ ಬರಾಕೆ."

"ನಿನ್ ಕೈಗೆ ಗಡಿಯಾರ ಕಟ್ಟಿದ್ರೇನು? ಮೀನು ಬಿಡಿಸಿ, ಎರಡು ಗಂಟು ಹಾಕೋದ್ರಾಗೆ ದಡ ಬಂದಿರ್ತೈತೆ. ಕೈ ನೋವಿಗೆ ಹಂಗನಿಸ್ತೈತೆ ನಿನಗೆ."

"ನಾವು ಬಲೆ ಎತ್ತಿ ಹೊರಡೋವಾಗ ಗುತ್ತೂರು ಕಡೀಲಿಂದ ಫ್ಯಾಕ್ಟರೀದು ಆರು ಗಂಟೆ ಸೈರನ್ ಆಗ್ತೈತೆ. ಸೇತುವೆ ಮುಟ್ಟೋವಾಗ ಮೇಲೆ ಇಸ್ಕೂಲಿನ ಹಳದಿ ಬಸ್ಸು ಹೋಗ್ತಿರ್ತೈತೆ. ಅದು ಏಳೂವರೆಗೆ." ಅವಳ ದನಿ ಏರಲಿಲ್ಲ. "ನೀವು ಬಲೆ ನೋಡ್ತಿರ್ತೀರಿ."

ಸೈಫುಲ್ಲಾ ಬ್ಯಾಟರಿಯ ಮೇಲಿಂದ ಕೈ ತೆಗೆದ.

"ಮೋಟರಿಗೆ ಅಷ್ಟು ಹೊತ್ತು ಹಿಡಿಯಲ್ಲ ಅಕ್ಕಾ, ಹುಟ್ಟಿಗಿಂತ ಜೋರಾಗಿ ಬರ್ತೈತೆ. ಆದ್ರೂ ನೀವು ಹೇಳ್ದಂಗಿದ್ರೆ ಇದು ಆಗಲ್ಲ. ಇಂಥವು ಎರಡು ಬೇಕು. ಎರಡು ಇಟ್ರೆ ದೋಣಿಯಾಗೆ ಇನ್ನೊಬ್ಬ ಮನುಷ್ಯ ಕೂತಂಗೆ ಲೆಕ್ಕ. ಇಲ್ಲಾಂದ್ರೆ ಲಿಥಿಯಮ್ ಬ್ಯಾಟರಿ ಒಂದೇ ಸಾಕು, ಹನ್ನೆರಡು ಕಿಲೋ ಅಷ್ಟೇ. ರೇಟು ಜಾಸ್ತಿ, ತರಿಸಾಕೆ ಹತ್ತು ದಿನ."

"ಹೆಂಗಸರ ಮಾತಿಗೆ ಹತ್ತು ದಿನ ಕಾಯಬೇಕೇನು? ನೀವು ಇದನ್ನೇ ಕೊಡ್ರಿ," ಅಂದ ಸೂರಪ್ಪ.

"ಒಮ್ಮೆ ಕೊಟ್ಟ ಬ್ಯಾಟರಿ ನಾನು ವಾಪಸ್ ತಗಳಲ್ಲ ಅಣ್ಣ. ನಾಳೆ ಒಂದಿನ ಹೊತ್ತು ನೋಡ್ಕೊಂಡು ಫೋನ್ ಮಾಡ್ರಿ. ಅರ್ಧ ತಾಸೇ ಆದ್ರೆ ಇದು ನಿಮಗೇ."

ಹರಿಹರದ ಬಸ್ಸಿನಲ್ಲಿ ಸೂರಪ್ಪ ಕಿಟಕಿಯ ಪಕ್ಕ ಕೂತು ಹೊರಗೆ ನೋಡಿದ. ಅವನಿಗೆ ಸಿಟ್ಟು ಬಂದಿತ್ತು. ಅದು ಯಾರ ಮೇಲೆ ಎಂದು ಅವನಿಗೇ ಸ್ಪಷ್ಟವಿರಲಿಲ್ಲ ಅನ್ನುವುದು ಅವಳಿಗೆ ಕಂಡಿತು.

ಮರುದಿನ ಬೆಳಗ್ಗೆ ತಿರುವಿನಲ್ಲಿ ಬಲೆ ಎತ್ತಿದರು. ನಾಲ್ಕೈದು ಜಿಲೇಬಿ ಮೀನು, ಒಂದು ಕಾಟ್ಲಾ. ಸೈರನ್ ಕೇಳಿಸಿತು. ಸೂರಪ್ಪ ಮೊಬೈಲ್ ತೆಗೆದು ಅರ್ಧ ತಾಸಿಗೆ ಅಲಾರಾಂ ಇಟ್ಟ, ಅವಳಿಗೆ ಕಾಣುವಂತೆಯೇ. ಆಮೇಲೆ ಬಲೆಯನ್ನು ಕಾಲಬುಡಕ್ಕೆ ಎಳೆದುಕೊಂಡು ಬೆನ್ನು ಹಾಕಿ ಕೂತ.

ಅವಳು ಹುಟ್ಟು ಹಾಕಿದಳು. ಬೇಕೆಂದೇ ನಿಧಾನ ಮಾಡಿದಳು ಅನ್ನದಿರಲಿ ಎಂದು ಎಂದಿಗಿಂತ ಜೋರಾಗಿಯೇ ಹಾಕಿದಳು. ಎಳೆದಾಗಲೆಲ್ಲ ನೋವು ಮೊಣಕೈಯಿಂದ ಎದ್ದು ಹೆಗಲಿನವರೆಗೆ ಹೋಗಿ, ಹುಟ್ಟು ನೀರಿನಿಂದ ಮೇಲೆದ್ದಾಗ ಸ್ವಲ್ಪ ಬಿಡುತ್ತಿತ್ತು. ಆ ಬಿಡುವಿನಲ್ಲೇ ಉಸಿರು ಎಳೆದುಕೊಳ್ಳುವುದನ್ನು ಅವಳು ಕಲಿತಿದ್ದಳು.

ಅಲಾರಾಂ ಹೊಡೆದುಕೊಂಡಾಗ ದೋಣಿ ಊರಿಗೆ ನೀರೆತ್ತುವ ಪಂಪ್‌ಮನೆಯ ಪಕ್ಕದಲ್ಲಿತ್ತು. ಸೂರಪ್ಪ ತಲೆಯೆತ್ತಿದ. ಸೇತುವೆಯಿರಲಿ, ಅದರ ಮುಂಚಿನ ಬಂಡೆಗಳೂ ಕಾಣುತ್ತಿರಲಿಲ್ಲ. ಬಲೆಯ ಕಸಕಡ್ಡಿ ತೆಗೆದು ಮುಗಿದಿತ್ತಷ್ಟೇ, ಅವನ ಕೈಯಲ್ಲಿ ಇನ್ನೂ ಮೊದಲನೆಯ ಮೀನೇ ಇತ್ತು. ಅಲಾರಾಂ ಬಡಿದುಕೊಳ್ಳುತ್ತಲೇ ಇತ್ತು. ಬಹಳ ಹೊತ್ತಾದ ಮೇಲೆ ಅದನ್ನು ನಿಲ್ಲಿಸಿದ.

ಬಲೆಯನ್ನು ಬದಿಗೆ ಸರಿಸಿ, ಮಂಡಿಯೂರಿ, ಕೂತಲ್ಲೇ ಅವಳ ಕಡೆ ತಿರುಗಿದ. ದೋಣಿ ಒಂದು ಸಲ ತೂಗಿತು.

ಅವಳಿಗೆ ಸಂಕೋಚವಾಯಿತು. ಹುಟ್ಟು ಹಾಕುವಾಗ ತನ್ನ ಮುಖ ಹೇಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಬಾಯಿ ತೆರೆದಿರುತ್ತದೇನೋ, ಹಲ್ಲು ಕಚ್ಚಿರುತ್ತದೇನೋ. ಸೆರಗಿನಿಂದ ಮುಖ ಒರೆಸಿಕೊಳ್ಳೋಣವೆಂದರೆ ಕೈ ಬಿಡುವಂತಿಲ್ಲ.

"ಕೊಡಿಲ್ಲಿ ಹುಟ್ಟು," ಅಂದ ಸೂರಪ್ಪ.

"ಬ್ಯಾಡ. ನಿಮಗೆ ಬರಲ್ಲ, ದೋಣಿ ಅಡ್ಡ ತಿರುಗ್ತೈತೆ."

ನಿಜವೇ ಆಗಿದ್ದರಿಂದ ಅವನು ಮತ್ತೆ ಕೇಳಲಿಲ್ಲ. ಬಲೆಯನ್ನೂ ಮುಟ್ಟಲಿಲ್ಲ. ಅವಳ ಮೊಣಕೈ ಮುಂದೆ ಬರುವುದನ್ನು, ಹಿಂದೆ ಹೋಗುವುದನ್ನು ನೋಡುತ್ತ ಕೂತ. ಕಾಟ್ಲಾ ಬಲೆಯೊಳಗೇ ಬಾಯಿ ಬಿಟ್ಟು, ಒದ್ದಾಡಿ, ಸುಮ್ಮನಾಯಿತು.

ಬಂಡೆಗಳು ಕಾಣಿಸಿಕೊಂಡಾಗ ಅವನು ಮತ್ತೆ ಮೊಬೈಲ್ ತೆಗೆದ. ಏಳೂ ಕಾಲು ದಾಟಿತ್ತು. ಅಂಗಡಿ ತೆರೆಯುವ ಹೊತ್ತಲ್ಲ, ಆದರೂ ನಂಬರು ಒತ್ತಿ ಕಿವಿಗಿಟ್ಟುಕೊಂಡ. ಅತ್ತಲಿಂದ ಯಾರೋ ನಿದ್ದೆಗಣ್ಣಿನಲ್ಲೇ ಎತ್ತಿದಂತಿತ್ತು.

"ಸಾಬ್ರೆ, ನಾನು ಹರಿಹರದ ಸೂರಪ್ಪ. ಆ ಹನ್ನೆರಡು ಕಿಲೋದ್ದೇ ತರಿಸ್ರಿ," ಅಂದ. ಆಮೇಲೆ ದನಿ ತಗ್ಗಿಸಿ ಇನ್ನೂ ಏನೋ ಹೇಳಿದ. ಅದೇನೆಂದು ಕೇಳಿಸಿಕೊಳ್ಳಬೇಕೆಂದು ಉಚ್ಚೆಂಗೆಮ್ಮನಿಗೆ ಬಹಳ ಆಸೆಯಾಯಿತು. ಆದರೆ ಹುಟ್ಟಿನ ಸದ್ದು ಅಡ್ಡ ಬರುತ್ತಿತ್ತು. ಒಂದು ಗಳಿಗೆ ಹುಟ್ಟು ನಿಲ್ಲಿಸಿದರೂ ದೋಣಿ ಹಿಂದಕ್ಕೆ ಜಾರುತ್ತದೆ. ಅವಳು ನಿಲ್ಲಿಸಲಿಲ್ಲ.